ಹಳೆಯ ವಿದ್ಯುತ್ ಆರ್ಗನ್ನಿನ ಜೀರ್ಣೋದ್ಧಾರ

ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಿದವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುವುದುಂಟು. ದೇವಾಲಯಕ್ಕೆ ಭೂಮಿಯನ್ನೋ ಸುಂಕವನ್ನೋ ಬಿಟ್ಟುಕೊಡುವಾಗ ದಾನಿಗಳು ದೇವರ ಅಂಗಭೋಗಕ್ಕೆ ಇಷ್ಟು, ರಂಗಭೋಗಕ್ಕೆ ಇಷ್ಟು ಎಂದು ವಿಂಗಡಿಸುವುದರ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೂ ಒಂದು ಪಾಲನ್ನು ಕಾದಿರಿಸುತ್ತಿದ್ದರು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕುಬಿಟ್ಟದ್ದು. ಕಟ್ಟಡವು ಇನ್ನೂ ಹೊಸದಾಗಿರುವಾಗಲೇ ಅದು ಮುಂದೆ ಮುರಿಯತಕ್ಕದ್ದೆಂದು ತಿಳಿದು, ಅದಕ್ಕೆ ಬೇಕಾದ ವೆಚ್ಚವನ್ನು ಕಲ್ಲಿನ ಮೇಲೆ ಬರೆಯಿಸಿಟ್ಟ ಜನರು ಅವರು. ರಂಗಭೋಗವೆಂಬುದರಲ್ಲಿ ಗಾಯಕರೂ ವಾದಕರೂ ನರ್ತಕಿಯರೂ ಸೇರಿದ್ದರೆಂಬುದನ್ನು ನೆನೆದರೆ, ಸಂಗೀತವೂ ದುರಸ್ತಿಯೂ ಒಂದೇ ಶಾಸನದಲ್ಲಿ ಅಕ್ಕಪಕ್ಕದಲ್ಲಿ ಕುಳಿತಿದ್ದುವೆಂದು ಹೇಳಬಹುದು.

ಈ ಹಳೆಯ ಮಾತನ್ನು ನಾವು ಎತ್ತಿದುದಕ್ಕೆ ಕಾರಣವುಂಟು. ಹುಮನಾಬಾದಿನ ಶ್ರೋತೃಗಳೊಬ್ಬರು ನಮಗೆ ಒಂದು ದೀರ್ಘವಾದ ಕಾಗದವನ್ನು ಬರೆದಿದ್ದಾರೆ. ಅವರ ತಂದೆಯವರು ಹೈದರಾಬಾದಿನಲ್ಲಿ, ಊರು ಬಿಟ್ಟು ಹೋಗುತ್ತಿದ್ದ ಒಂದು ಕುಟುಂಬದಿಂದ, ಅಮೆರಿಕೆಯಲ್ಲಿ ತಯಾರಾದ ಹ್ಯಾಮಂಡ್ ಆರ್ಗನ್ನೊಂದನ್ನು ಕೊಂಡು ತಂದಿದ್ದರಂತೆ. ಪ್ರತಿ ಗುರುವಾರ ಮನೆಯಲ್ಲಿ ನಡೆಯುತ್ತಿದ್ದ ಭಜನೆಗೆ ಅದೇ ಪಕ್ಕವಾದ್ಯ. ತಂದೆಯವರು ತೀರಿಕೊಂಡ ಮೇಲೆ ಅದು ಬಹುವರ್ಷಗಳಿಂದ ಮೌನವಾಗಿ ಕುಳಿತಿದೆ. ಮಕ್ಕಳಲ್ಲಿ ಒಬ್ಬರು ಅದನ್ನು ಗುಜರಿಗೆ ಹಾಕೋಣವೆನ್ನುತ್ತಾರೆ. ಇನ್ನೊಬ್ಬರು ಒಳಗಿನದನ್ನೆಲ್ಲ ಕಿತ್ತು, ಆ ಚೆಲುವಾದ ಮರದ ಪೆಟ್ಟಿಗೆಯಲ್ಲಿ ಈಗಿನ ಕೀಬೋರ್ಡೊಂದನ್ನು ಕೂರಿಸೋಣವೆನ್ನುತ್ತಾರೆ. ಮೂರನೆಯವರು ಸಂಪೂರ್ಣವಾಗಿ ದುರಸ್ತಿ ಮಾಡಿಸೋಣವೆನ್ನುತ್ತಾರೆ. ಎಂಬತ್ತು ದಾಟಿದ ಸೋದರತ್ತೆಯವರೊಬ್ಬರು ಮಾತ್ರ, ‘ಅಣ್ಣ ಬಾರಿಸುತ್ತಿದ್ದ ಹಾಗೆಯೇ ಒಮ್ಮೆ ಕೇಳಿಸಿರಪ್ಪ’ ಎನ್ನುತ್ತಾರಂತೆ. ಏನು ಮಾಡತಕ್ಕದ್ದೆಂಬುದು ಪ್ರಶ್ನೆ.

ಇದು ಕೇವಲ ಒಂದು ಮನೆಯ ಪ್ರಶ್ನೆಯಾಗಿ ನಮಗೆ ತೋರಲಿಲ್ಲ. ಮೊದಲು ವಾದ್ಯದ ಪರಿಚಯವನ್ನು ಮಾಡಿಕೊಳ್ಳೋಣ.

೧೨ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನೆಂಬುದು ಎಲ್ಲರಿಗೂ ವಿದಿತವೇ ಇದೆ. ಅರಸನ ವಿನೋದಗಳನ್ನು ಹೇಳುವ ಅದರ ಭಾಗದಲ್ಲಿ ಗೀತವಿನೋದ, ವಾದ್ಯವಿನೋದ, ನೃತ್ಯವಿನೋದಗಳಿಗೆ ಪ್ರತ್ಯೇಕ ಸ್ಥಾನವಿದೆ. ಅವನ ಮಗನಾದ ಇಮ್ಮಡಿ ಜಗದೇಕಮಲ್ಲನು ‘ಸಂಗೀತ ಚೂಡಾಮಣಿ’ಯ ಕರ್ತೃ. ಇಂದಿನ ಬಸವಕಲ್ಯಾಣದ ಕೋಟೆಯನ್ನು ನೋಡಲು ಹೋಗುವವರು ಫಿರಂಗಿಗಳನ್ನು ನೋಡಿ ಹಿಂದಿರುಗುತ್ತಾರೆ. ಆ ಊರು ಒಂದು ಕಾಲಕ್ಕೆ ಸಂಗೀತಶಾಸ್ತ್ರದ ರಾಜಧಾನಿಯೂ ಆಗಿತ್ತೆಂಬುದನ್ನು ಅವರಿಗೆ ಹೇಳುವವರು ಕಡಮೆ. ನಮ್ಮ ಶಾಸ್ತ್ರಕಾರರು ಭರತನ ಕಾಲದಿಂದಲೂ ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನವೆಂದು ನಾಲ್ಕಾಗಿ ವಿಭಾಗಿಸಿದರು. ತಂತಿಯದು, ಗಾಳಿಯದು, ತೊಗಲಿನದು, ಲೋಹದ ತಾಳದಂತಹದು. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ರಸೆಲ್ಸ್ ನಗರದ ಮಹಿಯೋಂ ಎಂಬ ವಿದ್ವಾಂಸನು ತನ್ನ ಸಂಗ್ರಹಾಲಯದ ವಾದ್ಯಗಳನ್ನು ಜೋಡಿಸಲು ಈ ಭಾರತೀಯ ವಿಭಾಗವನ್ನೇ ಅನುಸರಿಸಿದನು. ೧೯೧೪ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಎಂಬ ಪಂಡಿತರು ಅದನ್ನೇ ವಿಸ್ತರಿಸಿದರು. ಆದರೆ ವಿದ್ಯುತ್ತಿನಿಂದ ನುಡಿಯುವ ವಾದ್ಯಗಳು ಬಂದ ಮೇಲೆ ನಾಲ್ಕು ಮನೆಗಳು ಸಾಲದೆ, ೧೯೪೦ರಲ್ಲಿ ಸಾಕ್ಸನು ತನ್ನ ಗ್ರಂಥದಲ್ಲಿ ಐದನೆಯದೊಂದನ್ನು ಸೇರಿಸಬೇಕಾಯಿತು. ಹುಮನಾಬಾದಿನ ಆರ್ಗನ್ನು ಆ ಐದನೆಯ ಮನೆಯ ಹಿರಿಯರಲ್ಲೊಂದು.

ಇದರ ನಿರ್ಮಾತೃವಾದ ಲಾರೆನ್ಸ್ ಹ್ಯಾಮಂಡನು ಷಿಕಾಗೋ ನಗರದಲ್ಲಿ ವಿದ್ಯುತ್ ಗಡಿಯಾರಗಳನ್ನು ತಯಾರಿಸುತ್ತಿದ್ದವನು, ಸಂಗೀತಗಾರನಲ್ಲ. ೧೯೩೪ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು; ೧೯೩೫ರಲ್ಲಿ ಮೊದಲ ಮಾದರಿಯು ಮಾರಾಟಕ್ಕೆ ಬಂದಿತು. (ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದುದೂ ಅದೇ ವರ್ಷ.) ಗಡಿಯಾರದ ವಿದ್ಯೆಯೇ ಈ ವಾದ್ಯದ ಜೀವಾಳ. ಒಳಗೆ ಒಂದು ಮೋಟಾರು. ಅದು ೯೧ ಸಣ್ಣ ಉಕ್ಕಿನ ಚಕ್ರಗಳನ್ನು ತಿರುಗಿಸುತ್ತದೆ. ಪ್ರತಿಯೊಂದು ಚಕ್ರದ ಅಂಚಿನಲ್ಲಿಯೂ ಏರುತಗ್ಗುಗಳುಂಟು. ಅವು ಒಂದು ಅಯಸ್ಕಾಂತದ ತುದಿಯ ಮುಂದೆ ಹಾಯುವಾಗ, ಅದಕ್ಕೆ ಸುತ್ತಿದ ತಂತಿಯಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ವಾಲ್ವುಗಳ ಮೂಲಕ ಬಲಪಡಿಸಿ ಧ್ವನಿವರ್ಧಕಕ್ಕೆ ಕಳುಹಿಸಿದರೆ ಸ್ವರವಾಗುತ್ತದೆ. ವಾದಕನು ಕೆಲವು ಸರಿಗೆಗಳನ್ನು ಹೆಚ್ಚುಕಡಮೆ ಹೊರಗೆಳೆದು ಮೂಲಸ್ವರಕ್ಕೆ ಅದರ ಮೇಲಿನ ಸ್ವರಗಳನ್ನು ಬೆರೆಸಿ ನಾದದ ಬಣ್ಣವನ್ನು ಬದಲಿಸಬಹುದು. ಈ ಚಕ್ರದ ಆರ್ಗನ್ನುಗಳ ತಯಾರಿಕೆಯು ೧೯೭೦ರ ದಶಕದ ನಡುವೆ ನಿಂತುಹೋಯಿತು.

ಇಲ್ಲಿ ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ಸ್ವಾರಸ್ಯವಿದೆ. ಆ ಮೋಟಾರಿನ ವೇಗವು ಮನೆಗೆ ಬರುವ ವಿದ್ಯುತ್ತಿನ ಆವೃತ್ತಿಗೆ ಕಟ್ಟುಬಿದ್ದಿದೆ. ಅಮೆರಿಕೆಯಲ್ಲಿ ವಿದ್ಯುತ್ತು ಸೆಕೆಂಡಿಗೆ ೬೦ ಸಲ ಆವರ್ತಿಸುತ್ತದೆ. ನಮ್ಮಲ್ಲಿ ೫೦ ಸಲ. ಒತ್ತಡದ ಭೇದವನ್ನು ಟ್ರಾನ್ಸ್‌ಫಾರ್ಮರಿನಿಂದ ಸರಿಪಡಿಸಬಹುದು; ಆವೃತ್ತಿಯ ಭೇದವನ್ನು ಅದರಿಂದ ಸರಿಪಡಿಸಲಾಗದು. ಆದುದರಿಂದ ೬೦ಕ್ಕೆಂದು ಮಾಡಿದ ಆರ್ಗನ್ನನ್ನು ಇಲ್ಲಿ ಹಚ್ಚಿದರೆ ಎಲ್ಲ ಚಕ್ರಗಳೂ ಆರರಲ್ಲಿ ಐದು ಪಾಲು ವೇಗದಿಂದ ಮಾತ್ರ ತಿರುಗುತ್ತವೆ. ಸಂಗೀತದ ಭಾಷೆಯಲ್ಲಿ ಹೇಳುವುದಾದರೆ, ಷಡ್ಜದ ಮನೆಯನ್ನು ಒತ್ತಿದರೆ ಅದರ ಕೆಳಗಿನ ಧೈವತವು ನುಡಿಯುತ್ತದೆ. ಷಡ್ಜವೇ ಬೇಕೆಂದರೆ ಕೋಮಲ ಗಾಂಧಾರದ ಮನೆಯನ್ನು ಒತ್ತಬೇಕು. ಹುಮನಾಬಾದಿನ ಮಹನೀಯರು ಮಾಡಿದುದು ಇದನ್ನೇ! ತಂದೆಯವರು ಮನೆಗಳ ಮೇಲೆ ಶಾಯಿಯಿಂದ ಸಣ್ಣ ಗುರುತುಗಳನ್ನು ಹಾಕಿಕೊಂಡಿದ್ದರೆಂದೂ, ಮೂವತ್ತು ವರ್ಷ ಮನೆಯವರೆಲ್ಲರೂ ಆ ಇಳಿದ ಶ್ರುತಿಗೆ ಹೊಂದಿಕೊಂಡೇ ಹಾಡಿದರೆಂದೂ ಕಾಗದದಲ್ಲಿದೆ.

ಈಗ ಸಂಪೂರ್ಣ ದುರಸ್ತಿಯ ಪಕ್ಷವನ್ನು ವಿಚಾರಿಸೋಣ. ೫೦ನ್ನು ೬೦ ಮಾಡಿಕೊಡುವ ಉಪಕರಣಗಳು ಈಗ ದೊರೆಯುತ್ತವೆ. ಅದನ್ನು ಜೋಡಿಸಿ, ಪೆಟ್ಟಿಗೆಯನ್ನು ಉಜ್ಜಿ ಮೆರುಗು ಕೊಟ್ಟು, ಶಾಯಿಯ ಗುರುತುಗಳನ್ನು ಒರೆಸಿ, ಮೇಣದ ಹಳೆಯ ಕಂಡೆನ್ಸರುಗಳನ್ನೆಲ್ಲ ಬದಲಾಯಿಸಿದರೆ, ಷಿಕಾಗೋ ನಗರದ ಕಾರ್ಖಾನೆಯಿಂದ ಹೊರಬಿದ್ದ ದಿನದ ವಾದ್ಯವು ನಮಗೆ ದೊರೆಯುವುದು. ಆದರೆ ಸೋದರತ್ತೆಯವರು ಕೇಳಿದ ವಾದ್ಯವು ಅದಲ್ಲ! ಮೂಲಸ್ಥಿತಿಗೆ ತರುವುದೆಂದರೆ ಯಾವ ಮೂಲಕ್ಕೆ? ತಯಾರಾದ ದಿನದ ಮೂಲಕ್ಕೋ, ಬಾಳಿದ ಕಾಲದ ಮೂಲಕ್ಕೋ?

ಹುಮನಾಬಾದಿನ ಸಮೀಪದಲ್ಲಿಯೇ ಇರುವ ಜಲಸಂಗ್ವಿಯ ದೇವಾಲಯವನ್ನು ಇಲ್ಲಿ ನೆನೆಯಬೇಕು. ಅದರ ಹೊರಭಿತ್ತಿಯ ಸುಂದರಿಯರಲ್ಲಿ ಒಬ್ಬಳು ಬೆನ್ನನ್ನು ತಿರುಗಿಸಿ ನಿಂತು ಫಲಕದ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆದುದು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತದ ಮಾತು. ಅಂಗುಲದಷ್ಟು ಅಕ್ಷರಗಳು ಆ ಶಿಲ್ಪವನ್ನು ಒಬ್ಬ ಅರಸನ ಕಾಲಕ್ಕೆ ಕಟ್ಟಿಹಾಕಿವೆ. ಉತ್ಸಾಹಿಯಾದ ಯಾವನೋ ಒಬ್ಬನು ಕಲ್ಲನ್ನು ನುಣುಪು ಮಾಡಲು ಹೋಗಿ ಅದನ್ನು ಉಜ್ಜಿದ್ದರೆ ಶಿಲ್ಪವು ಉಳಿದು ಚರಿತ್ರೆಯು ಹೋಗುತ್ತಿತ್ತು. ಶಾಯಿಯ ಗುರುತುಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವೂ ಇದೇ. ಹಾಗೆಯೇ ೬೦ ಎಂದು ಬರೆದಿರುವ ತಯಾರಕರ ತಗಡು, ಹಿಂದೆ ದುರಸ್ತಿ ಮಾಡಿದವರು ಒಳಗೆ ಪೆನ್ಸಿಲಿನಿಂದ ಬರೆದಿರಬಹುದಾದ ತಾರೀಖುಗಳು, ಇವುಗಳಲ್ಲಿ ಒಂದನ್ನೂ ತೆಗೆಯಲಾಗದು.

ಒಳಗಿನದನ್ನು ಕಿತ್ತು ಹೊಸದನ್ನು ಕೂರಿಸುವ ಸಲಹೆಯನ್ನು ನಾವು ನಿಷ್ಠುರವಾಗಿಯೇ ನಿರಾಕರಿಸುತ್ತೇವೆ. ಅದು ಗುಜರಿಗಿಂತಲೂ ಕೀಳು. ಗುಜರಿಗೆ ಹೋದ ವಾದ್ಯದ ಚಕ್ರಗಳಾದರೂ ಇನ್ನೊಂದು ಆರ್ಗನ್ನನ್ನು ಬದುಕಿಸಬಹುದು.

ಇನ್ನೊಂದು ಆಕ್ಷೇಪವನ್ನು ಸಂಗೀತಜ್ಞರು ಎತ್ತದೆ ಇರರು. ಮೀಂಡು, ಗಮಕಗಳನ್ನು ನುಡಿಸಲಾರದ, ಹನ್ನೆರಡು ಮನೆಗಳಿಗೆ ಬಂದಿಯಾದ ವಾದ್ಯವನ್ನು ಉಳಿಸಿ ಫಲವೇನು? ಇದೇ ಆಕ್ಷೇಪದ ಮೇಲೆ ೧೯೪೦ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿತು. ೧೯೭೧ರಲ್ಲಿ ಆ ಕಟ್ಟು ಸಡಿಲವಾಗತೊಡಗಿತು. ಆಕ್ಷೇಪವು ಶಾಸ್ತ್ರದೃಷ್ಟಿಯಿಂದ ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಪ್ಯಾರಿಸಿನ ದೆಬೆಯ್ನನು ೧೮೪೨ರಲ್ಲಿ ಪೇಟೆಂಟ್ ಪಡೆದ ಆ ಪೆಟ್ಟಿಗೆಯನ್ನು, ಕಲ್ಕತ್ತೆಯಲ್ಲಿ ಕೈಯಿಂದ ಗಾಳಿಯೊತ್ತುವಂತೆ ಮಾರ್ಪಡಿಸಿ, ನಮ್ಮ ಜನರು ಭಜನೆಗೂ ಕೀರ್ತನೆಗೂ ನಾಟಕಕ್ಕೂ ಒಗ್ಗಿಸಿಕೊಂಡುದು ಚರಿತ್ರೆಯಲ್ಲವೆ? ಈ ಸೀಮೆಯು ವಿಶೇಷವಾಗಿ ಅಂತಹ ಒಗ್ಗಿಸುವಿಕೆಯ ಸೀಮೆ. ಮಾಣಿಕ ಪ್ರಭುಗಳು ೧೮೧೭ರಲ್ಲಿ ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿ, ೧೮೪೫ರಲ್ಲಿ ಹುಮನಾಬಾದಿನ ಮಗ್ಗುಲಲ್ಲಿ ಮಾಣಿಕನಗರವನ್ನು ನೆಲೆಗೊಳಿಸಿ, ೧೮೬೫ರಲ್ಲಿ ಅಲ್ಲಿಯೇ ಸಮಾಧಿಸ್ಥರಾದರು. ಅವರ ಪದಗಳು ಕನ್ನಡದಲ್ಲಿಯೂ ಇವೆ, ಮರಾಠಿಯಲ್ಲಿಯೂ ಇವೆ, ಹಿಂದಿಯಲ್ಲಿಯೂ ಇವೆ. ಸಕಲಮತವೆಂದು ಹೆಸರಿಟ್ಟ ಸಂಪ್ರದಾಯದ ಊರಿನಲ್ಲಿ ಒಂದು ಅಮೆರಿಕೆಯ ಆರ್ಗನ್ನು ಆ ಪದಗಳಿಗೆ ಶ್ರುತಿ ಹಿಡಿದುದು ಅಸಹಜವೆಂದು ನಮಗೆ ತೋರುವುದಿಲ್ಲ.

ಹಾಗಾದರೆ ಮಾಡತಕ್ಕುದೇನು? ಬಸವಕಲ್ಯಾಣದ ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಭಿನ್ನವಾದ ಶಿಲ್ಪಗಳಿವೆ. ಅವುಗಳಿಗೆ ಯಾರೂ ಹೊಸ ಕೈಯನ್ನು ಅಂಟಿಸಲು ಹೋಗುವುದಿಲ್ಲ. ಪೂಜೆಯಿಲ್ಲದುದರಿಂದ ಭಿನ್ನವಾಗಿದ್ದರೂ ಬಾಧಕವಿಲ್ಲ. ಪೂಜೆಗೊಳ್ಳುವ ಗುಡಿಯ ಮಾಳಿಗೆಯು ಸೋರಿದರೆ ಮಾತ್ರ ಗಾರೆ ಹಾಕಲೇಬೇಕು. ಆರ್ಗನ್ನು ಯಾವ ವರ್ಗಕ್ಕೆ ಸೇರಿದ್ದೆಂಬುದನ್ನು ಮನೆಯವರೇ ನಿರ್ಧರಿಸಬೇಕು. ಬಾರಿಸುವವರು ಒಬ್ಬರಾದರೂ ಇದ್ದರೆ ಅದು ಗುಡಿ. ಇಲ್ಲದಿದ್ದರೆ ಸಂಗ್ರಹಾಲಯದ ಶಿಲ್ಪ, ಧೂಳು ಇಲಿಗಳಿಂದ ಕಾಪಾಡಿದರೆ ಸಾಕು. ಕಾಗದದಲ್ಲಿ ಮೊಮ್ಮಗಳೊಬ್ಬಳು ಹಾರ್ಮೋನಿಯಮ್ಮನ್ನು ಕಲಿಯುತ್ತಿರುವಳೆಂದು ಒಂದು ಸಾಲು ಇದೆ. ಆ ಒಂದು ಸಾಲಿನ ಬಲದಿಂದ ನಾವು ಜೀರ್ಣೋದ್ಧಾರದ ಪಕ್ಷವನ್ನು ವಹಿಸುತ್ತೇವೆ. ಆದರೆ ಇಳಿದ ಶ್ರುತಿಯನ್ನು ಹಾಗೆಯೇ ಉಳಿಸಬೇಕು. ಆವೃತ್ತಿಯ ಉಪಕರಣವನ್ನು ಮುಂದೆ ಮೊಮ್ಮಗಳು ಬಯಸಿದರೆ ಹೊರಗಿನಿಂದ ಜೋಡಿಸಬಹುದು, ತೆಗೆಯಲೂಬಹುದು. ೫೦ರಲ್ಲಿ ನಡೆಯುವಾಗ ಮೋಟಾರೂ ಟ್ರಾನ್ಸ್‌ಫಾರ್ಮರೂ ಹೆಚ್ಚು ಕಾಯುವುದರಿಂದ ಒತ್ತಡವನ್ನು ೧೧೭ರಿಂದ ೧೦೦ ವೋಲ್ಟಿನ ಸುತ್ತಮುತ್ತ ತಗ್ಗಿಸಬೇಕು.

ವಾಲ್ವುಗಳ ಭಾಗದಲ್ಲಿ ಒಣಗಿಹೋದ ಕಂಡೆನ್ಸರುಗಳನ್ನು ಬದಲಾಯಿಸದೆ ವಿಧಿಯಿಲ್ಲ. ಅಲ್ಲಿ ಮುನ್ನೂರು ವೋಲ್ಟಿನಷ್ಟು ವಿದ್ಯುತ್ತು ಇರುವುದರಿಂದ ಇದು ನಾದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ತೆಗೆದ ಭಾಗಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ತಾರೀಖು ಬರೆದು, ಪೆಟ್ಟಿಗೆಯೊಳಗೇ ಇಡತಕ್ಕದ್ದು. ಸ್ವರಚಕ್ರಗಳ ಕಂಡೆನ್ಸರುಗಳನ್ನು ಸದ್ಯಕ್ಕೆ ಮುಟ್ಟಬಾರದು. ಅವುಗಳ ಮುಪ್ಪಿನಿಂದಲೇ ನಾದವು ಮೆತ್ತಗಾಗಿದೆ, ಅತ್ತೆಯವರ ನೆನಪಿನಲ್ಲಿರುವುದೂ ಆ ಮೆತ್ತನೆಯ ನಾದವೇ.

ಈ ಕೆಲಸ ಬಲ್ಲವರು ಬರುವವರೆಗೆ ಯಾರೂ ಸ್ವಿಚ್ಚನ್ನು ಹಾಕಬಾರದು. ಅಲ್ಲಿಯವರೆಗೆ ಮಾಡಬಹುದಾದ ಕೆಲಸವೊಂದುಂಟು. ಚಕ್ರಗಳ ಮೇಲುಗಡೆ ಎಣ್ಣೆ ಹೊಯ್ಯುವ ಸಣ್ಣ ಆಲಿಕೆಗಳಿವೆ. ಅಲ್ಲಿಂದ ನೂಲಿನ ಎಳೆಗಳು ಒಂದೊಂದು ಅಚ್ಚಿಗೂ ಎಣ್ಣೆಯನ್ನು ಒಯ್ಯುತ್ತವೆ. ಇದಕ್ಕೆಂದೇ ಬರುವ ತೆಳುವಾದ ಎಣ್ಣೆಯನ್ನು ತರಿಸಿ ಹೊಯ್ದು ಬಿಟ್ಟುಬಿಡಬೇಕು. ಅಡಿಗೆಯ ಎಣ್ಣೆಯನ್ನಾಗಲಿ ಹೊಲಿಗೆಯಂತ್ರದ ಎಣ್ಣೆಯನ್ನಾಗಲಿ ಹಾಕಲಾಗದು. ಒಣಗಿದ ನೂಲು ನೆನೆಯುವುದಕ್ಕೆ ಕೆಲವು ದಿನಗಳು ಹಿಡಿಯುತ್ತವೆ.