ಹೊಕ್ಕಳ ಸುತ್ತ 14 ಇಂಜೆಕ್ಷನ್: ಹೋಗದೆ ಉಳಿದ ಹೆದರಿಕೆ

ನಾಯಿ ಕಡಿದರೆ ಹೊಕ್ಕಳ ಸುತ್ತ 14 ಇಂಜೆಕ್ಷನ್! ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಹಿರಿಯರಿಗೆ ಈ ಮಾತು ಗೊತ್ತು. ಇದಕ್ಕೆ ಹೆದರಿ ಮಕ್ಕಳು ನಾಯಿ ಕಡಿದದ್ದನ್ನೇ ಮನೆಯಲ್ಲಿ ಹೇಳುವುದಿಲ್ಲ. ಈ ಹೆದರಿಕೆ ಎಲ್ಲಿಂದ ಬಂತು?

1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ತಯಾರಿಸಿದ ಲಸಿಕೆಯನ್ನು ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನಿಗೆ ಹಾಕಲಾಯಿತು. ಎರಡು ದಿನದ ಹಿಂದೆ ಅವನಿಗೆ ಹುಚ್ಚುನಾಯಿ ಕಡಿದಿತ್ತು. ಹುಡುಗ ಬದುಕಿದ.

ನಮ್ಮ ದೇಶದ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿ, ದಕ್ಷಿಣದ್ದು 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಶುರುವಾದವು. ಆಗ ನಮ್ಮ ಊರುಗಳು ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಯಲ್ಲಿದ್ದವು. ಎರಡೂ ಬಹಳ ದೂರ.

1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಕುರಿಯ ಮಿದುಳಿನಿಂದ ಹೊಸ ಲಸಿಕೆ ಮಾಡಿದರು. ಬೆಲೆ ಕಡಿಮೆ, ತಯಾರಿಸುವುದೂ ಸುಲಭ. ಆದರೆ ಹೊಟ್ಟೆಗೆ 14ರವರೆಗೆ ಚುಚ್ಚಬೇಕು, ನೋವು ಬಹಳ. ಕೆಲವರಿಗೆ ಲಕ್ವಾ ಹೊಡೆದದ್ದೂ ಉಂಟು. ಹೆದರಿಕೆ ಹುಟ್ಟಿದ್ದು ಇಲ್ಲಿಂದ, ಅದು ಸುಳ್ಳಲ್ಲ.

ಆದರೆ ಆ ಲಸಿಕೆಯನ್ನು ಭಾರತ 2004ರ ಕೊನೆಗೇ ನಿಲ್ಲಿಸಿತು. ಈಗಿನದು ತೋಳಿಗೆ, ನಾಲ್ಕೈದು ಸಲ ಮಾತ್ರ. ಲಸಿಕೆ ಬದಲಾಗಿ 20 ವರ್ಷ ದಾಟಿದೆ, ಹೆದರಿಕೆ ಮಾತ್ರ ಹೋಗಿಲ್ಲ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡರೆ ಮತ್ತೆ ಬದುಕಿಸುವ ಔಷಧಿ ಇಲ್ಲ. ಅದಕ್ಕೇ ತಡ ಮಾಡಬಾರದು.

ಮನೆಯಲ್ಲಿ ಮಾಡಬೇಕಾದದ್ದು ಒಂದೇ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ರೋಗಾಣುವಿನ ಮೇಲೆ ಕೊಬ್ಬಿನ ಪದರ ಇರುತ್ತದೆ, ಸಾಬೂನು ಅದನ್ನು ಒಡೆಯುತ್ತದೆ. ಖಾರದಪುಡಿ, ಸುಣ್ಣ, ಅರಿಸಿನ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಗಾಯಕ್ಕೇ ಹಾಕುವ ಸೀರಮ್ ಬಗ್ಗೆಯೂ ಕೇಳಿ.

ಚೇಳಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಕೆಂಪು ಚೇಳು ಕಡಿದರೆ ಹೃದಯಕ್ಕೇ ಪೆಟ್ಟು. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಬಿ.ಪಿ.ಗೆ ಕೊಡುವ ಪ್ರಾಜೊಸಿನ್ ಗುಳಿಗೆಯಿಂದ ಜೀವ ಉಳಿಸಬಹುದೆಂದು ತೋರಿಸಿದರು. ಚೇಳು ಕಡಿದವರಿಗೆ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಕೂಡಲೇ ಹೊರಡಿ. ಗುಳಿಗೆ ಕೊಡುವುದು ವೈದ್ಯರ ಕೆಲಸ.

ಹಾವು ಕಡಿದರೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಡಿದ ಕೈ ಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಕರ್ನಾಟಕ ಸರಕಾರ 2024ರಲ್ಲಿ ಆದೇಶಿಸಿದೆ.

ಇಂದು ಮಕ್ಕಳಿಗೆ ಒಂದು ಮಾತು ಹೇಳಿಬಿಡಿ: ನಾಯಿ ಕಡಿದರೆ, ಪರಚಿದರೆ ಮುಚ್ಚಿಡಬೇಡ, ಬೈಯುವುದಿಲ್ಲ, ಹೊಟ್ಟೆಗೆ ಸೂಜಿಯೂ ಇಲ್ಲ.