ಜನ್ನನ ಯಶೋಧರ ಚರಿತೆಯಲ್ಲಿ ತಿರ್ಯಗ್ಜನ್ಮಗಳು

ಯಶೋಧರನ ಕಥೆ ಜನ್ನನ ಸ್ವಕಪೋಲಕಲ್ಪಿತವಲ್ಲ. 8ನೆಯ ಶತಮಾನದ ಹರಿಭದ್ರನ ಪ್ರಾಕೃತ ಗ್ರಂಥವಾದ ಸಮರಾಇಚ್ಚಕಹೆಯಲ್ಲಿ ಅದು ಬಂದಿದೆ. ಸೋಮದೇವಸೂರಿಯು ಶಕ 881, ಎಂದರೆ ಕ್ರಿ. ಶ. 959ರಲ್ಲಿ ಮುಗಿಸಿದ ಯಶಸ್ತಿಲಕ ಚಂಪುವಿಗೂ ಅದೇ ವಸ್ತು. 11ನೆಯ ಶತಮಾನದ ವಾದಿರಾಜನು ಅದನ್ನು ಸಂಸ್ಕೃತದಲ್ಲಿ ನಾಲ್ಕು ಸರ್ಗಗಳಿಗೆ ಅಡಕಗೊಳಿಸಿದನು. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನನು 1209ರಲ್ಲಿ ವಾದಿರಾಜನ ಜಾಡನ್ನೇ ಹಿಡಿದು, ಬಹುಮಟ್ಟಿಗೆ ಕಂದಗಳಲ್ಲಿ, ತನ್ನ ಕಾವ್ಯವನ್ನು ರಚಿಸಿದನು.

ವಿಮರ್ಶಕರ ದೃಷ್ಟಿಯೆಲ್ಲ ಸಾಮಾನ್ಯವಾಗಿ ಕುರೂಪಿಯಾದ ಮಾವಟಿಗನಿಗೆ ಮನಸೋತ ರಾಣಿ ಅಮೃತಮತಿಯ ಮೇಲೆಯೇ ನೆಟ್ಟಿರುತ್ತದೆ. ಅನಂತರದ ಪಶುಪಕ್ಷಿಜನ್ಮಗಳನ್ನು ಕರ್ಮಫಲದ ಒಣ ಪಟ್ಟಿಯೆಂದು ಬಿಟ್ಟು ಮುಂದೆ ಸಾಗುವವರುಂಟು. ಇದು ಕವಿಗೆ ಮಾಡುವ ಅನ್ಯಾಯ. 'ಯಾರು ಯಾರಿಗೆ ಏನಾಗಬೇಕು' ಎಂಬ ಪ್ರಶ್ನೆ ಅರಮನೆಯಲ್ಲಿ ಹುಟ್ಟಿದರೂ ಅದರ ವಿಚಾರಣೆ ನಡೆಯುವುದು ಮೃಗಶರೀರಗಳಲ್ಲಿ.

ದುರ್ಗಸಿಂಹನ ಪಂಚತಂತ್ರದ ನರಿಗಳಾದ ಕರಟಕ ದಮನಕರು ನರಿಯ ತೊಗಲು ಹೊದ್ದ ಮಂತ್ರಿಗಳು. ಮಾತು ಅವರ ಬಂಡವಾಳ. ಜನ್ನನ ಪ್ರಾಣಿಗಳು ಮೂಕ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ, ಬಲಿಕೊಡಿಸಿದ ತಾಯಿ ಚಂದ್ರಮತಿಯೂ ಕೊಟ್ಟ ಮಗನೂ ರಾಣಿಯ ವಿಷದಿಂದ ಸತ್ತು ಜೊತೆಜೊತೆಯಾಗಿ ಹುಟ್ಟುತ್ತಾರೆ. ಮಗ ನವಿಲು, ತಾಯಿ ನಾಯಿ. ತಾಯಿಯೇ ಮಗನನ್ನು ಕಚ್ಚಿ ಕೊಲ್ಲುತ್ತಾಳೆ. ಮುಂದೆ ಹೋತನಾದ ಯಶೋಧರನು ಆಡಾದ ತಾಯಿಯನ್ನೇ ಕೂಡಿ, ಆಗಲೇ ಹತನಾಗಿ, ತನ್ನ ಬೀಜದಿಂದ ತಾನೇ ಅವಳ ಗರ್ಭದಲ್ಲಿ ಹುಟ್ಟುತ್ತಾನೆ. ಮಗ, ಪತಿ, ಪಿತೃ ಮೂವರೂ ಒಬ್ಬನೇ! ಓದುಗನಿಗೆ ಹೇಸಿಕೆಯಾಗುವುದು ಸಹಜ. ಕವಿಗೆ ಬೇಕಾದುದೂ ಅದೇ. ಪತ್ನಿಯ ಒಂದು ದ್ರೋಹಕ್ಕೆ ಕುದಿದ ರಾಜನ ಎದುರಿಗೆ ಸಂಬಂಧಗಳೆಲ್ಲವೂ ಹೀಗೆ ಕದಡಿಹೋಗುತ್ತವೆ. ಅತ್ತ ಅರಮನೆಯಲ್ಲಿ ಮಗ ಯಶೋಮತಿಯು ತಂದೆಯ ಸದ್ಗತಿಗೆಂದು ಶ್ರಾದ್ಧ ನಡೆಸುತ್ತಿರುತ್ತಾನೆ. ಅದಕ್ಕಾಗಿ ಕೊಯ್ಯುವ ಪ್ರಾಣಿ ಆ ತಂದೆಯೇ.

ಕಡೆಯ ತಿರ್ಯಗ್ಜನ್ಮ ಕೋಳಿಯದು. ಹಿಂದೆ ಕತ್ತಿಯ ಪೆಟ್ಟಿಗೆ ಹಿಟ್ಟಿನ ಕೋಳಿ ಕೂಗಿತ್ತು. ಈಗ ಅಕಂಪನ ಮುನಿಯ ಧರ್ಮೋಪದೇಶವನ್ನು ಕೇಳಿ, ಪೂರ್ವಜನ್ಮಗಳು ನೆನಪಾಗಿ, ಈ ಎರಡು ಕೋಳಿಗಳು ಹರ್ಷದಿಂದ ಕೂಗುತ್ತವೆ. ಆ ಕೂಗನ್ನೇ ಗುರಿಮಾಡಿ ಯಶೋಮತಿಯು ಶಬ್ದವೇಧಿ ಬಾಣವನ್ನು ಬಿಡುತ್ತಾನೆ. ಮೊದಲ ಕೂಗು ಭವಮಾಲೆಯ ಆರಂಭ, ಎರಡನೆಯದು ಅದರ ಬಿಡುಗಡೆ.

ಸತ್ತ ಕೋಳಿಗಳು ಕೊಂದವನಿಗೇ ಅವಳಿಮಕ್ಕಳಾಗುತ್ತವೆ: ತಾಯಿ ತಂಗಿಯಾಗಿ ಅಭಯಮತಿ, ತಂದೆ ಮಗನಾಗಿ ಅಭಯರುಚಿ. ಮಾರಿಯ ಗುಡಿಯಲ್ಲಿ, ತಮ್ಮನ್ನು ಬಲಿಗೆಂದು ಹಿಡಿತರಿಸಿದ ಮಾರಿದತ್ತನ ಎದುರಿಗೆ ನಿಂತು, ನವಿಲು, ಹೋತ, ಕೋಳಿಗಳು ಆಡಲಾರದೆ ಹೋದ ಮಾತನ್ನೆಲ್ಲ ಹೇಳುವವನು ಈ ಅಭಯರುಚಿಯೇ.