ಅಗ್ಗಿಷ್ಟಿಕೆಗೆ ಗ್ಯಾಸ್ ಬಂದ ಇಪ್ಪತ್ತು ವರ್ಷ

ದೆಹಲಿಯ ಚಳಿಗಾಲದ ಹೊಗೆಯ ಮಾತು ಬಂದಾಗಲೆಲ್ಲ ಲಂಡನ್ನಿನ ಉದಾಹರಣೆ ಬಂದೇ ಬರುತ್ತದೆ. ಅಲ್ಲೂ ಹೀಗೇ ಇತ್ತಂತೆ, ಕಾನೂನು ಮಾಡಿದರಂತೆ, ಸರಿಹೋಯಿತಂತೆ. ಹದಿನಾರು ವರ್ಷದಿಂದ ಇಲ್ಲಿರುವ ನಾನು ಇದನ್ನು ಬಹಳ ಸಲ ಕೇಳಿದ್ದೇನೆ. ‘ಕಾನೂನು ಮಾಡಿದರು’ ಎನ್ನುವುದಕ್ಕೂ ‘ಸರಿಹೋಯಿತು’ ಎನ್ನುವುದಕ್ಕೂ ನಡುವೆ ಇಪ್ಪತ್ತು ವರ್ಷದ ಕೆಲಸವಿದೆ. ಅದರ ದೊಡ್ಡ ಪಾಲು ನಡೆದದ್ದು ಸಂಸತ್ತಿನಲ್ಲಲ್ಲ, ಸಾಮಾನ್ಯ ಮನೆಗಳ ಅಗ್ಗಿಷ್ಟಿಕೆಯ ಮುಂದೆ.

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಹೊಗೆಮಂಜು ಕದಲದೆ ಕೂತಿತು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದೊಳಕ್ಕೂ ಅದು ನುಗ್ಗಿ, ಪ್ರೇಕ್ಷಕರಿಗೆ ವೇದಿಕೆ ಕಾಣದೆ ಒಪೆರಾ ಅರ್ಧಕ್ಕೇ ನಿಂತಿತು. ಸತ್ತವರು ಸುಮಾರು 4,000 ಎಂಬುದು ಆಗಿನ ಲೆಕ್ಕ. ನಂತರದ ಸಂಶೋಧಕರು 12,000ದವರೆಗೂ ಹೇಳುತ್ತಾರೆ. ಯುದ್ಧ ಮುಗಿದು ಏಳು ವರ್ಷವಾದರೂ ಕಲ್ಲಿದ್ದಲಿಗೆ ರೇಷನ್ ಇತ್ತು. ಆ ತಿಂಗಳು ರೇಷನ್ನಿಲ್ಲದೆ ಸಿಗುತ್ತಿದ್ದದ್ದು ‘ನಟ್ಟಿ ಸ್ಲ್ಯಾಕ್’ ಎಂಬ ಅಗ್ಗದ ಪುಡಿಗಲ್ಲಿದ್ದಲು. ಚಳಿಗೆ ಜನ ಅದನ್ನೇ ಉರಿಸಿದರು.

ಸರಕಾರ ಸರ್ ಹ್ಯೂ ಬೀವರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1954ರ ಅದರ ವರದಿಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದೇ ಲೆಕ್ಕ. ದೇಶದ ಕಲ್ಲಿದ್ದಲಿನಲ್ಲಿ ಮನೆಗಳು ಸುಡುತ್ತಿದ್ದದ್ದು ಐದನೇ ಒಂದು ಭಾಗಕ್ಕಿಂತ ಕಡಿಮೆ. ಹೊಗೆಯಲ್ಲಿ ಮನೆಗಳ ಪಾಲು ಮಾತ್ರ ಹತ್ತಿರಹತ್ತಿರ ಅರ್ಧ. ಕಾರ್ಖಾನೆಯ ಕುಲುಮೆಯಲ್ಲಿ ಚೆನ್ನಾಗಿ ಉರಿಯುವ ಕಲ್ಲಿದ್ದಲು ಮನೆಯ ತೆರೆದ ಒಲೆಯಲ್ಲಿ ಅರೆಬೆಂದು ಹೊಗೆಯಾಗುತ್ತದೆ. ಶಾಖದಲ್ಲಿ ಮುಕ್ಕಾಲು ಪಾಲು ಚಿಮಣಿಯಲ್ಲಿ ಮೇಲೆ ಹೋಗುತ್ತದೆ. ಕೂತವರಿಗೆ ಮುಖ ಬಿಸಿ, ಬೆನ್ನು ತಣ್ಣಗೆ.

ಆದರೂ ಆ ಒಲೆಯನ್ನು ಇಂಗ್ಲಿಷರು ಪ್ರೀತಿಸುತ್ತಿದ್ದರು. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1945ರ ಡಿಸೆಂಬರ್‌ನಲ್ಲಿ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯಲ್ಲಿ ಕಲ್ಲಿದ್ದಲ ಬೆಂಕಿಯ ಪರವಾಗಿ ಒಂದು ಪ್ರಬಂಧವನ್ನೇ ಬರೆದ. ಕೋಣೆಯ ಒಂದು ಕಡೆ ಮಾತ್ರ ಬೆಚ್ಚಗಿರುವುದರಿಂದಲೇ ಮನೆಮಂದಿ ಒಟ್ಟಿಗೆ ಕೂರುತ್ತಾರೆ ಎಂಬುದು ಅವನ ವಾದ. ಬಚ್ಚಲೊಲೆಯ ಮುಂದೆ ಕೈಕಾಯಿಸುತ್ತ ಬೆಳೆದ ನಮ್ಮಂಥವರಿಗೆ ಇದು ಅರ್ಥವಾಗದ್ದೇನಲ್ಲ. ಆದರೆ ಬೆಳಗಿನ ಚಳಿಯಲ್ಲಿ ಬೂದಿ ಬಾಚುವವರು, ಕಲ್ಲಿದ್ದಲ ಬಕೆಟ್ ಹೊತ್ತು ಮಹಡಿ ಹತ್ತುವವರು, ಕಪ್ಪಾದ ಪರದೆ ಒಗೆಯುವವರು ಆ ಪ್ರಬಂಧ ಬರೆದಿದ್ದರೆ ಬೇರೆ ಥರ ಇರುತ್ತಿತ್ತು.

1956ರ ಶುದ್ಧ ಗಾಳಿ ಕಾಯಿದೆ ಬರೀ ‘ಉರಿಸಬೇಡಿ’ ಎನ್ನಲಿಲ್ಲ. ಹೊಗೆ ನಿಷೇಧಿಸಿದ ಬಡಾವಣೆಗಳಲ್ಲಿ ಒಲೆ ಬದಲಿಸುವ ನ್ಯಾಯವಾದ ಖರ್ಚಿನಲ್ಲಿ ನೂರಕ್ಕೆ 70 ಭಾಗವನ್ನು ಸ್ಥಳೀಯ ಆಡಳಿತ ಕೊಡಬೇಕಿತ್ತು. ಅದಕ್ಕೆ ಕೇಂದ್ರ ಸರಕಾರದ ನೆರವೂ ಇತ್ತು. ಬಜೆಟ್ಟಿನ ಸಾಲು ಇಲ್ಲದ ನಿಯಮ ಕಡತದಲ್ಲೇ ಉಳಿಯುತ್ತದೆ ಎಂದು ನನ್ನ ವೃತ್ತಿ ನನಗೆ ಕಲಿಸಿದೆ. ಆದರೂ ಎಲ್ಲ ಕಡೆ ಒಂದೇ ವೇಗ ಇರಲಿಲ್ಲ. ಗಣಿ ಕಾರ್ಮಿಕರಿಗೆ ಸಂಬಳದ ಭಾಗವಾಗಿ ಕಲ್ಲಿದ್ದಲು ಸಿಗುತ್ತಿದ್ದ ಊರುಗಳಲ್ಲಿ ಬದಲಾವಣೆ ಕುಂಟಿತು.

ಗ್ಯಾಸ್ ಅಗ್ಗಿಷ್ಟಿಕೆ ಆಗ ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದಿಂದಲೇ ಇತ್ತು. ಬಾಡಿಗೆ ಕೋಣೆಗಳಲ್ಲಿ ನಾಣ್ಯ ಹಾಕುವ ಮೀಟರ್ ಇರುತ್ತಿತ್ತು. ಕಾಸು ತೀರಿದರೆ ಬೆಂಕಿಯೂ ಆರುತ್ತಿತ್ತು, ನಮ್ಮ ಪ್ರೀಪೇಯ್ಡ್ ಸಿಮ್ಮಿನಂತೆ. ಗುಂಡಿ ತಿರುಗಿಸಿದರೆ ಜ್ವಾಲೆ ಜೇಡಿಮಣ್ಣಿನ ಬಿಲ್ಲೆಗಳನ್ನು ಕೆಂಪಾಗಿಸುತ್ತದೆ. ಬೂದಿಯಿಲ್ಲ, ಮಸಿಯಿಲ್ಲ, ಮಲಗುವಾಗ ಆರಿಸಬಹುದು. ಕುಂದು ಇದ್ದದ್ದು ಗ್ಯಾಸಿನಲ್ಲಿ. ಅದನ್ನು ಕಲ್ಲಿದ್ದಲಿನಿಂದಲೇ ಕಾಯಿಸಿ ತೆಗೆಯುತ್ತಿದ್ದರು. ಅದರಲ್ಲಿ ಜೀವಕ್ಕೇ ಕುತ್ತಾದ ಕಾರ್ಬನ್ ಮೊನಾಕ್ಸೈಡ್ ಸಾಕಷ್ಟು ಇರುತ್ತಿತ್ತು.

1965ರಲ್ಲಿ ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು; 1967ರಲ್ಲಿ ಪೈಪಿನಲ್ಲಿ ದಡಕ್ಕೆ ಬಂತು. ಇಲ್ಲಿಂದ ಮುಂದಿನದು ನನ್ನಂಥ ಪ್ರಾಜೆಕ್ಟ್ ಮ್ಯಾನೇಜರನ ನಿದ್ದೆ ಕೆಡಿಸುವ ಕತೆ. ಹೊಸ ಅನಿಲದ ಶಾಖ ಹಳೆಯದರ ಎರಡರಷ್ಟು, ಉರಿಯುವ ವೇಗ ಕಡಿಮೆ, ಅದಕ್ಕೆ ಬೇಕಾದ ಗಾಳಿಯ ಪ್ರಮಾಣ ಬೇರೆ. ಹಳೆಯ ಬರ್ನರ್‌ಗೆ ಅದನ್ನು ಹಾಗೇ ಬಿಡುವಂತಿಲ್ಲ. ಅಂದರೆ ದೇಶದ ಪ್ರತಿಯೊಂದು ಗ್ಯಾಸ್ ಒಲೆ, ಅಗ್ಗಿಷ್ಟಿಕೆ, ಗೀಸರಿನ ಬರ್ನರ್ ಬದಲಿಸಬೇಕು ಅಥವಾ ಹೊಂದಿಸಬೇಕು. ಸುಮಾರು 1.3 ಕೋಟಿ ಗ್ರಾಹಕರು, 4 ಕೋಟಿಗೆ ಸಮೀಪದ ಉಪಕರಣಗಳು.

1966ರಲ್ಲೇ ಕ್ಯಾನ್ವಿ ದ್ವೀಪದ ಕೆಲವು ಸಾವಿರ ಮನೆಗಳಲ್ಲಿ ಪ್ರಯೋಗ ಮಾಡಿ ನೋಡಿದ್ದರು. ಹಡಗಿನಲ್ಲಿ ತಂದ ದ್ರವೀಕೃತ ಅನಿಲ ಬಂದಿಳಿಯುತ್ತಿದ್ದದ್ದು ಅಲ್ಲೇ. ಆಮೇಲೆ ದೇಶವನ್ನು ಸಣ್ಣ ಸಣ್ಣ ವಲಯಗಳಾಗಿ ಹಂಚಿದರು. ಮೊದಲು ಮನೆಮನೆಗೆ ಹೋಗಿ ಯಾರಲ್ಲಿ ಯಾವ ಮಾಡೆಲ್ ಇದೆಯೆಂದು ಬರೆದುಕೊಳ್ಳುವುದು. ನಂತರ ವಲಯದ ಪೈಪನ್ನು ಬೇರ್ಪಡಿಸಿ, ಹಳೆಯ ಗ್ಯಾಸ್ ಹೊರಹಾಕಿ, ಹೊಸದು ತುಂಬುವುದು. ಆಗಲೇ ಫಿಟ್ಟರ್‌ಗಳು ಮನೆಯೊಳಗೆ ಕೂತು ಬರ್ನರ್ ಬದಲಿಸುವುದು. ಬಿಡಿಭಾಗವೇ ಸಿಗದ ಅಜ್ಜಿಕಾಲದ ಒಲೆಗಳಿದ್ದವು, ಬಾಗಿಲು ತೆಗೆಯದ ಮನೆಗಳಿದ್ದವು, ದೂರುಗಳಿಗಂತೂ ಬರವಿರಲಿಲ್ಲ. ಕಂಪ್ಯೂಟರ್ ಇನ್ನೂ ಅಪರೂಪವಾಗಿದ್ದ ಕಾಲ. ಡೆನಿಸ್ ರೂಕ್ ಎಂಬ ಎಂಜಿನಿಯರ್ ಈ ಕೆಲಸದ ಮುಂದಾಳುಗಳಲ್ಲಿ ಒಬ್ಬರು. 1959ರಲ್ಲಿ ಅಮೆರಿಕದಿಂದ ದ್ರವೀಕೃತ ಅನಿಲ ತಂದ ‘ಮೀಥೇನ್ ಪಯೋನಿಯರ್’ ಹಡಗಿನಲ್ಲಿ ಖುದ್ದಾಗಿ ಪಯಣಿಸಿದ್ದ ಮನುಷ್ಯ. 1977ಕ್ಕೆ ಕೆಲಸ ಮುಗಿಯಿತು.

ಯಾರೂ ಯೋಜಿಸದ ಲಾಭವೊಂದು ಇದರಲ್ಲಿ ಸಿಕ್ಕಿತು. 1963ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಆತ್ಮಹತ್ಯೆಗಳಲ್ಲಿ ನೂರಕ್ಕೆ 40ರಷ್ಟು ಮನೆಯ ಗ್ಯಾಸಿನಿಂದ ಆಗುತ್ತಿದ್ದವು. ವಿಷವಿಲ್ಲದ ಅನಿಲ ಬಂದು 1975ರ ಹೊತ್ತಿಗೆ ಅವು ಹೆಚ್ಚುಕಮ್ಮಿ ನಿಂತವು. ಅಚ್ಚರಿಯೆಂದರೆ ಜನ ಬೇರೆ ದಾರಿ ಹುಡುಕಲಿಲ್ಲ. ಒಟ್ಟು ಸಂಖ್ಯೆಯೇ ಮೂರನೇ ಒಂದು ಭಾಗದಷ್ಟು ಇಳಿಯಿತು. ಬೇರೇನೂ ಲೆಕ್ಕಕ್ಕೆ ಹಿಡಿಯದಿದ್ದರೂ ನನಗೆ ಇದೊಂದೇ ಸಾಕು.

ಗ್ಯಾಸನ್ನು ನಾನು ಹೊಗಳುತ್ತಿರುವುದು ಕಲ್ಲಿದ್ದಲಿನ ಎದುರಿಗಿಟ್ಟು ಮಾತ್ರ. ಚಿಮಣಿ ಕಟ್ಟಿಕೊಂಡರೆ ನೈಸರ್ಗಿಕ ಅನಿಲವೂ ಸರಿಯಾಗಿ ಉರಿಯದೆ ಮೊನಾಕ್ಸೈಡ್ ಬಿಡುತ್ತದೆ. ಹವಾಮಾನದ ಕಾರಣಕ್ಕೆ ಬ್ರಿಟನ್ ಈಗ ಆ ಗ್ಯಾಸಿನಿಂದಲೂ ಮನೆಗಳನ್ನು ಬಿಡಿಸಲು ಹೊರಟಿದೆ. ಮತ್ತೆ ಮನೆಮನೆಯ ಬಾಗಿಲು ತಟ್ಟಬೇಕು.

ದೆಹಲಿಯ ಬಡವರ ಕೋಣೆ ಇವತ್ತಿಗೂ ಬೆಚ್ಚಗಾಗುವುದು ಅಂಗೀಠಿಯಿಂದ. ನಮ್ಮ ಅಗ್ಗಿಷ್ಟಿಕೆ, ಇವರ ಅಂಗೀಠಿ ಎರಡೂ ಹುಟ್ಟಿದ್ದು ‘ಅಗ್ನಿಷ್ಠಿಕಾ’ ಎಂಬ ಒಂದೇ ಪದದಿಂದ. ಕಿಟಕಿ ಮುಚ್ಚಿ ಅದನ್ನಿಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲವೆಂಬ ಸುದ್ದಿ ಪ್ರತಿ ಜನವರಿಯಲ್ಲೂ ಪತ್ರಿಕೆಯ ಒಳಪುಟದಲ್ಲಿರುತ್ತದೆ. ಗೇಟಿನ ಕಾವಲುಗಾರರು ಬೆಂಕಿ ಹಾಕದಂತೆ ವಸತಿ ಸಂಘಗಳು ಅವರಿಗೆ ವಿದ್ಯುತ್ ಹೀಟರ್ ಕೊಡಬೇಕೆಂಬ ಸೂಚನೆ ಈಗ ಇದೆ. ನಾವಿರುವ ಕಡೆಯೂ ಕೊಟ್ಟಿದ್ದಾರೆ. ಪ್ಲಗ್ ಪಾಯಿಂಟ್ ಇರುವುದು ಕ್ಯಾಬಿನ್ನಿನೊಳಗೆ. ರಾತ್ರಿಯೆಲ್ಲ ಕಾವಲುಗಾರ ನಿಲ್ಲುವುದು ಹೊರಗೆ, ಗೇಟಿನ ಬಳಿ. ಅಲ್ಲಿಗೆ ಹನ್ನೆರಡು ಮೀಟರ್ ವೈರು, ಮಳೆಗೆ ನೆನೆಯದ ಒಂದು ಪೆಟ್ಟಿಗೆ ಬೇಕು. ಮುಂದಿನ ಸಭೆಗೆ ಅಂದಾಜು ಖರ್ಚು ಬರೆದಿಟ್ಟುಕೊಂಡಿದ್ದೇನೆ.